ಹುಳದ ಮನೆ ಸೇರಿದ ಐದು ಜನ

ಆಗ ನನಗೆ ಅರವತ್ತೆರಡು. ಅದಾಗಿ ಈಗ ಆರು ವರ್ಷ. ಅಕ್ಷರ ಕಲಿತು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಹಿಳಾ ಸಂಘದವರು ಸಂಜೆ ಪಾಠ ಇಟ್ಟಿದ್ದರು. ಹೋಗದಿದ್ದರೆ ಮಾತು ಕೇಳಬೇಕಾಗುತ್ತದೆ ಅಂತ ಹೋದೆ. ಮೊದಲು ಹೆಸರು ಬರೆಯುವುದು ಬಂತು, ಆಮೇಲೆ ಬಸ್ಸಿನ ಬೋರ್ಡು ಓದುವುದು ಬಂತು. ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳದೆ ಬಸ್ಸು ಹತ್ತಿದ ದಿನ, ಇಷ್ಟೇನಾ ಅನ್ನಿಸಿತು. ಇಷ್ಟಕ್ಕೆ ಇಷ್ಟು ವರ್ಷ ನನ್ನನ್ನು ಕಾಯಿಸಿದರಲ್ಲ ಅಂತ ಸಿಟ್ಟೂ ಬಂತು.

ನಮ್ಮೂರಲ್ಲಿ ಪಂಚಾಯಿತಿ ಕಟ್ಟಡದ ಪಕ್ಕ ಒಂದು ಲೈಬ್ರರಿ ಇದೆ. ಅದನ್ನು ನೋಡಿಕೊಳ್ಳುವ ಹೆಂಗಸು ನನ್ನ ಮಗಳ ವಯಸ್ಸಿನವಳು, ನಗುವುದು ಕಡಿಮೆ. ನಾನು ಹೋದಾಗ ಮೊದಲು ಪೇಪರು ಕೊಟ್ಟಳು. ಅಕ್ಷರ ಸಾಸಿವೆ ಥರ, ಕಣ್ಣಿಗೆ ಹತ್ತಲಿಲ್ಲ. ಆಮೇಲೆ ಕಾಗೆ, ನರಿ ಇರುವ ಮಕ್ಕಳ ಪುಸ್ತಕ ಕೊಟ್ಟಳು. ನಾನೇನು ಎಳೆಮಗುವಾ ಅಂತ ವಾಪಸ್ ಇಟ್ಟೆ. ಕೊನೆಗೆ ಅವಳು ಒಂದು ಕಟ್ಟು ಬಿಚ್ಚಿದಳು. ಅದು ರಾಮನಗರದ ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟ ಹಳೇ ಚಿತ್ರಕತೆ ಪುಸ್ತಕಗಳ ಕಟ್ಟು. ಹಾಳೆ ಹಳದಿಯಾಗಿತ್ತು, ಅಕ್ಷರ ದಪ್ಪಗಿತ್ತು. ಜನ ಮಾತಾಡಿದ್ದೆಲ್ಲ ಬಲೂನಿನ ಒಳಗೆ ಬರೆದಿತ್ತು. ನನಗೆ ಹಿಡಿಸಿತು.

ಅದರಲ್ಲಿ ಐದು ಜನರ ಒಂದು ಗುಂಪು. ಒಬ್ಬ ಹಾರುತ್ತಾನೆ. ಒಬ್ಬ ಬೆಟ್ಟ ಎತ್ತುತ್ತಾನೆ. ಒಬ್ಬನ ನೆರಳು ಅವನಿಗಿಂತ ಮುಂಚೆ ಹೋಗಿ ಜಗಳ ಆಡುತ್ತದೆ. ಒಬ್ಬ ಮುದುಕನಿಗೆ ಕಣ್ಣು ಮುಚ್ಚಿದರೆ ಊರಾಚೆಯದೆಲ್ಲ ಕಾಣುತ್ತದೆ. ಐದನೆಯವಳು ಹೆಂಗಸು, ಅವಳು ಕೈ ಎತ್ತಿದರೆ ಸುತ್ತ ಸದ್ದೇ ನಿಂತುಹೋಗುತ್ತದೆ. ಭೂಮಿ ಕಾಯುವುದು ಇವರ ಕೆಲಸ. ಎಲ್ಲರೂ ಮೈಗೆ ಅಂಟಿದ ಬಟ್ಟೆ ಹಾಕುತ್ತಾರೆ. ಹೊಡೆದಾಡುವಾಗ ಬಾಯಿ ಮುಚ್ಚುವುದಿಲ್ಲ. ಇನ್ನೇನು ಹೊಡೆತ ಬೀಳಬೇಕು, ಆಗಲೂ ತಾನು ಯಾರು, ಎಲ್ಲಿಂದ ಬಂದೆ ಅಂತ ಹೇಳಿಕೊಂಡು ನಿಲ್ಲುತ್ತಾರೆ. ಇವರು ಕೆಡವಿದ ಮನೆ ಗುಡಿಸುವವರು ಯಾರು ಅಂತ ಎಲ್ಲೂ ಬರೆದಿಲ್ಲ.

ಇವರ ಮೇಲೆ ಬಂದವರು ನಕ್ಷತ್ರದಾಚೆಯ ಜನ. ಮೈ ಬೆಳ್ಳಗೆ, ಕಾಲು ಸಣ್ಣ, ತಲೆ ಸದಾ ಮೇಲೆ. ಹಸಿರು ಕಂಡರೆ ತಿಂದು ಮುಗಿಸುವುದು, ಊರು ಬೋಳಾದ ಮೇಲೆ ಮುಂದಿನ ಊರಿಗೆ ಇಳಿಯುವುದು. ಓದುವವರು ಹೆದರಲಿ ಅಂತ ಬರೆದಿದ್ದರೋ ಏನೋ, ನನಗೆ ಹೆದರಿಕೆ ಆಗಲಿಲ್ಲ. ಅಂಥವನ್ನು ನಾನು ಮದುವೆಯಾಗಿ ಬಂದಾಗಿನಿಂದ ಸಾಕಿದ್ದೇನೆ, ರೇಷ್ಮೆ ಹುಳ. ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತು ನನ್ನ ನೆತ್ತಿಯ ಕೂದಲು ಹೋಗಿದೆ.

ಮೊದಲ ಪುಸ್ತಕದ ಕೊನೆಯಲ್ಲಿ ಐದೂ ಜನ ಸಿಕ್ಕಿಬಿದ್ದರು. ಶತ್ರುಗಳ ಹಡಗಿನೊಳಗೆ, ಕೋಳಿ ಮೇಲೆ ಮಂಕರಿ ಕವುಚಿದ ಹಾಗೆ ಗಾಜು ಕವುಚಿ ಇಟ್ಟುಬಿಟ್ಟರು. ಎರಡನೇ ಪುಸ್ತಕ ಮನೆಗೆ ಬೇಕು ಅಂದೆ. ಲೈಬ್ರರಿಯವಳು ಕೊಟ್ಟಳು.

"ಶನಿವಾರ ತಂದ್ಕೊಡ್ಬೇಕು ಅಜ್ಜಿ. ಇದೇ ಪುಸ್ತಕ ಬರ್ಬೇಕು. ಕಳೆದ್ರೆ ಇನ್ಮೇಲೆ ಒಂದು ಪುಸ್ತಕಾನೂ ಇಲ್ಲ."

"ನಾನೇನು ತಿಂದ್ಬುಡ್ತೀನಾ," ಅಂದೆ.

ಅವತ್ತು ಮಧ್ಯಾಹ್ನ ಒಂದು ಹಾಳೆ ಓದಿದೆ. ಒಂದು ಹಾಳೆಗೆ ನನಗೆ ಎಲೆ ಅಡಿಕೆ ಹಾಕಿಕೊಂಡು ಉಗಿಯುವಷ್ಟು ಹೊತ್ತು ಬೇಕು. ಪುಸ್ತಕವನ್ನು ಜಗಲಿ ಮೇಲಿಟ್ಟು ಹಸುವಿಗೆ ನೀರು ತೋರಿಸಿಕೊಂಡು ಬಂದೆ. ಪುಸ್ತಕ ಇರಲಿಲ್ಲ.

ನಮ್ಮ ಮನೆ ಭಾಗವಾಗಿದೆ. ಹಟ್ಟಿಯ ನಡುವೆ ಗೋಡೆ ಎದ್ದಿದೆ, ಆ ಕಡೆ ಮೈದುನನ ಸಂಸಾರ, ಈ ಕಡೆ ನಾನು. ನನ್ನ ಗಂಡ ಹೋಗಿ ಬಹಳ ವರ್ಷವಾಯಿತು. ಎಲ್ಲ ಪಾಲಾದರೂ ಹಿತ್ತಲ ಹುಳದ ಮನೆ ಮಾತ್ರ ಪಾಲಾಗಲಿಲ್ಲ. ಎರಡಾಗಿ ಒಡೆದರೆ ಯಾರಿಗೂ ಆಗುವುದಿಲ್ಲ. ಅದಕ್ಕೇ ಒಂದು ಬೆಳೆ ಅವರದು, ಮುಂದಿನದು ನನ್ನದು. ಅವತ್ತು ಒಳಗೆ ಇದ್ದದ್ದು ಅವರ ಬೆಳೆ. ಹುಳ ಮೂರನೇ ಜ್ವರದಿಂದ ಎದ್ದಿತ್ತು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಸೊಪ್ಪು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಎದ್ದ ಮೇಲೆ ಹಸಿವು ಜಾಸ್ತಿ, ಜಾಗವೂ ಜಾಸ್ತಿ ಬೇಕು. ಹೊಸ ಅಟ್ಟಣೆಗೆ ಪೇಪರು ಹಾಸಿ ಹುಳ ಹರಡಬೇಕು.

ನನ್ನ ವಾರಗಿತ್ತಿ ಹುಳಕ್ಕೆ ಉದುರಿಸುವ ಸುಣ್ಣ ಕೈಗೆಲ್ಲ ಮೆತ್ತಿಕೊಂಡು ಹುಳದ ಮನೆ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಪುಸ್ತಕ ಎಲ್ಲಿ?" ಅಂದೆ.

"ಯಾವ ಪುಸ್ತಕ? ಜಗುಲಿ ಮೇಲೆ ಹಳೇ ಪೇಪರ್ ಬಿದ್ದಿತ್ತು, ಪಿನ್ನು ಕಿತ್ತು ಹಾಸ್ಬುಟ್ಟೆ. ಅರವತ್ತು ದಾಟಿದೋಳು ಬೊಂಬೆ ನೋಡ್ತಾಳೆ ಅಂತ ನಂಗೇನು ಕನಸು ಬಿದ್ದಿತ್ತಾ ಅಕ್ಕ?"

"ಈಚಿಗೆ ಕೊಡು."

"ಒಳಗೋದದ್ದು ಗೂಡು ಬಿಡಿಸಗಂಟ ಈಚಿಗೆ ಬರಲ್ಲ. ನೀನೇ ಅಲ್ವಾ ಹೇಳ್ಕೊಟ್ಟಿದ್ದು? ನನ್ನ ಓಲೆ ತಿರುಪು ಒಳಗೆ ಬಿದ್ದೋದಾಗ ಗೂಡಾಗಗಂಟ ಬೋಳು ಕಿವೀಲಿ ಓಡಾಡುಸ್ದೆ. ನನ್ನ ತಮ್ಮನ ಮದುವೇಗೂ ಅಂಗೇ ಕಳ್ಸ್‌ದೆ."

ಕಳಿಸಿದ್ದೆ. ಇವತ್ತಾದರೂ ಹಾಗೇ ಕಳಿಸುತ್ತೇನೆ. ನಮ್ಮ ಅತ್ತೆ ಕಾಲದಿಂದ ಆ ಮನೆಗೆ ಇರುವ ನಿಯಮ ಅದು. ಬೆಳೆ ಯಾರದೋ ಅವರು ಬಿಟ್ಟು ಇನ್ನೊಬ್ಬರು ಹೊಸಿಲು ದಾಟಬಾರದು, ಒಳಗೆ ಹೋದ ಕಡ್ಡಿಯೂ ಗೂಡು ಆಗುವವರೆಗೆ ಈಚೆ ಬರಬಾರದು. ನಾನು ಬಾಗಿಲಿನಿಂದ ಹಿಂದೆ ಬಂದೆ. ಅವಳು ಅದನ್ನು ಹೇಳಿದ್ದು ನಿಯಮ ಪಾಲಿಸಲಿಕ್ಕಲ್ಲ, ನನ್ನ ಮುಖ ಹೇಗಾಗುತ್ತದೆ ಅಂತ ನೋಡಲಿಕ್ಕೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಶನಿವಾರ ಬರಿಗೈಲಿ ಲೈಬ್ರರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಹುಳದ ಕೆಳಗಾ?" ಅಂದಳು ಅವಳು. "ಹಂಗಾದ್ರೆ ಅದು ಬರೋಗಂಟ ನಿಮಗೆ ಪುಸ್ತಕ ಇಲ್ಲ ಅಜ್ಜಿ. ರೂಲ್ಸು."

"ಬತ್ತದೆ."

"ಬಂದಾಗ ನೋಡಣ."

ಮೊದಲ ಪುಸ್ತಕವನ್ನೇ ಇನ್ನೊಂದು ಸಲ ನೋಡುತ್ತೇನೆ ಅಂದರೂ ಕೊಡಲಿಲ್ಲ. ಓದು ಬಾರದೆ ಇದ್ದಾಗ ಇಲ್ಲದ ಹಸಿವು ಇದು. ಮನೆಯಲ್ಲಿ ಓದುವುದಕ್ಕೆ ಏನೂ ಇಲ್ಲ. ಬೇಳೆ ಪೊಟ್ಟಣದ ಮೇಲಿದ್ದದ್ದು ಓದಿದೆ, ಕರೆಂಟ್ ಕಂಬದ ಮೇಲಿದ್ದದ್ದು ಓದಿದೆ. ಐದು ಜನ ಗಾಜಿನ ಕೆಳಗೇ ಇದ್ದರು.

ಅಷ್ಟರಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಆಗ ಸೊಪ್ಪು ಹಾಕುವಂತಿಲ್ಲ, ಮನೆಯವರೂ ಒಳಗೆ ಹೆಚ್ಚು ಓಡಾಡುವಂತಿಲ್ಲ. ಮಧ್ಯಾಹ್ನ ವಾರಗಿತ್ತಿ ಮಲಗಿದ್ದಳು. ನಾನು ಹಿತ್ತಲಿಗೆ ಹೋಗಿ ಕಿಟಕಿಯ ಹತ್ತಿರ ನಿಂತೆ. ಹುಳ ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆ ಬಲೆ ಕಟ್ಟಿದೆ. ಬಲೆಗೆ ಮೂಗು ತಾಗಿಸಿದರೆ ಹತ್ತಿರದ ಅಟ್ಟಣೆಯ ಅಂಚು ಕಾಣುತ್ತದೆ. ಸೊಪ್ಪಿನ ರೆಂಬೆ ಹಾಸಿದ ಜಾಗ ಬಿಟ್ಟು ಗೇಣಗಲ ಹಾಳೆ ಈಚೆಗೆ ಚಾಚಿಕೊಂಡಿತ್ತು. ಬೆಟ್ಟ ಎತ್ತುವವನ ಅರ್ಧ ಮುಖ ಕಂಡಿತು, ಅವನ ಹಣೆ ಮೇಲೆ ಒಂದು ಹುಳ ತಲೆ ಎತ್ತಿ ಕೂತಿತ್ತು. ಬಲೂನಿನ ಒಳಗೆ "ಇನ್ನು ಯಾರಾದರೂ ಒಬ್ಬರು" ಅಂತ ಇತ್ತು. ಮುಂದಿನದು ಸೊಪ್ಪಿನ ಕೆಳಗೆ. ಪಕ್ಕದ ಹಾಳೆ ತಲೆಕೆಳಗಾಗಿತ್ತು, ಕತ್ತು ಹೊರಳಿಸಿ ಓದಿದೆ. "ಬಾಗಿಲು ಒಳಗಿನಿಂದ" ಅಂತ ಇತ್ತು, ಅದೂ ಅಷ್ಟೇ. ಒಬ್ಬರು ಏನು ಮಾಡಬೇಕು, ಬಾಗಿಲು ಏನಾಗಬೇಕು ಅಂತ ಕೂಡಿಸುತ್ತಾ ನಿಂತೆ. ಹಿಂದಿನಿಂದ ಅವಳ ದನಿ ಬಂತು.

"ಏನ್ ನೋಡ್ತಿದ್ದೀಯ?"

"ಓದ್ತಿದ್ದೀನಿ."

"ಓದ್ತಿದ್ದಾಳಂತೆ. ಬರಿ ಹಣೇಲಿ ಬಂದು ಜ್ವರಕ್ಕೆ ಕೂತಿರೋ ಹುಳ ದಿಟ್ಟಿಸ್ತಾ ನಿಂತವಳೆ. ನನ್ನ ಬೆಳೆಗೆ ಏನಾದ್ರೂ ಆಗ್ಲಿ, ಕಬ್ಬಾಳಿಗೆ ಕರ್ಕಂಡೋಗಿ ಅಮ್ಮನ ಗುಡಿ ಮುಂದೆ ಆಣೆ ಮಾಡುಸ್ತೀನಿ."

"ಬತ್ತೀನಿ. ಬಸ್ಸಿನ ಬೋರ್ಡು ಓದಿ ಹೇಳ್ತೀನಿ, ನಿನ್ನೂ ಕರ್ಕಂಡೋಗ್ತೀನಿ."

ಅವಳು ಏಳನೇ ಕ್ಲಾಸು ಓದಿದವಳು. ನನ್ನ ಮಾತು ಅವಳಿಗೆ ಚುಚ್ಚಿತು. ಬಲೆಯ ಈಚೆಗೆ ಒಂದು ಗೋಣಿಚೀಲ ತಂದು ಇಳಿಬಿಟ್ಟು ಮೊಳೆ ಹೊಡೆದಳು. ಹೊಡೆಯುತ್ತಾ ಹೇಳಿದಳು.

"ಅಷ್ಟೊಂದು ಆಸೆ ಇದ್ರೆ ಕೇಳ್ಸ್ಕೊ. ಆ ಐದೂ ಜನ ಸಾಯ್ತಾರೆ. ಓದ್ಬುಟ್ಟೆ ನಾನು. ಹುಳದಂತೋರು ಭೂಮಿ ತಿಂದಾಕ್ತಾರೆ, ಕತೆ ಮುಗೀತು."

ನನಗೆ ಅವಳ ಮಾತಿನ ಮೇಲೆ ನಂಬಿಕೆ ಇಲ್ಲ. ಆದರೂ ಆ ಮಾತು ಒಳಗೆ ಕೂತುಬಿಟ್ಟಿತು. ರಾಗಿ ಬೀಸಿಸಲು ಹೋದಾಗಲೂ ಅದೇ, ಉಣ್ಣುವಾಗಲೂ ಅದೇ. ಸುಳ್ಳು ಅನ್ನುವುದಕ್ಕೆ ನನ್ನ ಹತ್ತಿರ ಹಾಳೆ ಇರಲಿಲ್ಲ. ಹಿಂದೆಲ್ಲ ಹೀಗೇ ಇದ್ದದ್ದು. ಯಾರೋ ಓದಿ ಏನು ಹೇಳಿದರೆ ಅದೇ ನಿಜ. ಮತ್ತೆ ಅಲ್ಲಿಗೇ ಬಂದೆನಲ್ಲ ಅಂತ ಮೈ ಉರಿಯಿತು. ಆ ಹಾಳೆ ನನ್ನ ಕಣ್ಣಲ್ಲೇ ಓದಬೇಕು, ಲೈಬ್ರರಿ ಬಾಗಿಲು ಮತ್ತೆ ತೆರೆಸಬೇಕು. ಎರಡೂ ಅವಳ ಹುಳದ ಕೆಳಗೇ ಇದ್ದವು. ಅದಕ್ಕೆ ಅವಳ ಬೆಳೆ ಕೆಡಬಾರದು ಅಂತ ನಾನೇ ಬೇಡಿಕೊಳ್ಳುವ ಹಾಗಾಯಿತು. ಬೆಳೆ ಕೆಟ್ಟರೆ ಹುಳ, ಕಡ್ಡಿ, ಪೇಪರು ಎಲ್ಲ ಒಟ್ಟಿಗೆ ಬೆಂಕಿಗೆ.

ಕೆಡಲಿಲ್ಲ. ಹುಳ ಎದ್ದವು, ತಿಂದವು, ಹಣ್ಣಾದವು, ಬಿದಿರಿನ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟಿದವು. ನನ್ನ ದಿಟ್ಟಿ ಬಿದ್ದ ಬೆಳೆ ಊರಲ್ಲೇ ಚೆನ್ನಾಗಿ ಬಂತು. ಆ ಮಾತು ಯಾರೂ ಎತ್ತಲಿಲ್ಲ.

ಗೂಡು ಬಿಡಿಸುವ ದಿನ ಎರಡು ಮನೆಯವರೂ ಕೈ ಹಾಕಬೇಕು. ಇದು ಮುಯ್ಯಿ, ಅವರ ಬೆಳೆಗೆ ನಾನು, ನನ್ನ ಬೆಳೆಗೆ ಅವರು, ಮಾತು ಬಿಟ್ಟಿದ್ದರೂ ತಪ್ಪಿಸುವಂತಿಲ್ಲ. ಗೂಡು ರಾಮನಗರದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಹೋಗಬೇಕು, ಗೂಡಿಗೆ ನಮ್ಮ ಜಗಳ ಗೊತ್ತಿಲ್ಲ. ಬೆಳಿಗ್ಗೆಯೇ ಹೋದೆ. ದೊಡ್ಡಆಲಹಳ್ಳಿಯಿಂದ ಬಂದ ಇಬ್ಬರು ಆಳು ಹೆಂಗಸರು ಆಗಲೇ ಚಂದ್ರಿಕೆ ಮುಂದೆ ಕೂತಿದ್ದರು. ನಾನು ನನ್ನ ಪಾಲಿನ ಗೂಡು ಬಿಡಿಸಿದೆ. ಗೂಡು ಚೀಲ ಸೇರಿದ ಮೇಲೆ ಅಟ್ಟಣೆಗೆ ಹೋಗಿ ಒಣಗಿದ ಕಡ್ಡಿ ಎತ್ತಿ ಹಾಕಿ, ಕೆಳಗಿದ್ದ ಹಾಳೆ ಒಂದೊಂದೇ ಬಿಡಿಸಿದೆ. ಹಿಕ್ಕೆ ಮೆತ್ತಿತ್ತು, ಸೊಪ್ಪಿನ ರಸ ಹತ್ತಿ ಹಸಿರಾಗಿತ್ತು, ಸುಣ್ಣ ಕಚ್ಚಿತ್ತು.

"ಥೂ, ಗೊಬ್ಬರದ ಗುಂಡಿಗೆ ಹಾಕೋದ ಮಡಿಲಿಗೆ ತುಂಬ್ಕತಾವ್ಳೆ," ಅಂದಳು ವಾರಗಿತ್ತಿ. ಆಳು ಹೆಂಗಸರು ನಕ್ಕರು.

"ಒಂದು ಕೇಳ್ತೀನಿ ಹೇಳು," ಅಂದೆ. "ನೀನು ಹಳೇ ಪೇಪರು ಅನ್ಕಂಡು ಹಾಸ್ದೆ ಅಂದೆ. ಆಮೇಲೆ ಎಲ್ಲಾರೂ ಸತ್ರು, ಓದ್ಬುಟ್ಟೆ ಅಂದೆ. ಹುಳ ಮೇಲೆ ಬಿದ್ದ ಮೇಲೆ ಹಾಳೆ ಎತ್ತಿ ಓದೋಕಾಯ್ತದಾ? ಮುಂಚೇನೇ ಓದಿದ್ರೆ ಅದು ಪುಸ್ತಕ ಅಂತ ಗೊತ್ತಿತ್ತು. ಓದ್ದೇ ಇದ್ರೆ ಸತ್ರು ಅಂದಿದ್ದು ಸುಳ್ಳು. ಎರಡ್ರಲ್ಲಿ ಯಾವ್ದು?"

ಆಳು ಹೆಂಗಸರು ನಗು ನಿಲ್ಲಿಸಿ ಅವಳ ಕಡೆ ತಿರುಗಿದರು.

"ಓದ್ದೆ," ಅಂದಳು. "ಜಗುಲಿ ಮೇಲೇ ನಿಂತ್ಕಂಡು ಪೂರ್ತಿ ಓದ್ದೆ. ಆಮೇಲೆ ಹಾಸ್ದೆ. ಏನೀಗ?"

"ಏನಿಲ್ಲ. ಹೇಳಿದ್ಯಲ್ಲ, ಸಾಕು."

ಅವಳಿಗೆ ನಾನು ಕೂಗಾಡಬೇಕಿತ್ತು. ಕೂಗಾಡಲಿಲ್ಲ ಅಂತ ಕೈಯಲ್ಲಿದ್ದ ಪೊರಕೆ ನೆಲಕ್ಕೆ ಬಿಸಾಕಿ ಹೋದಳು.

ಹಾಳೆಗಳನ್ನು ಜಗಲಿ ಮೇಲೆ ಹರಡಿ, ಹಾರದಂತೆ ಕಲ್ಲು ಇಟ್ಟು, ಒಣಗಿದ ಮೇಲೆ ಕೆರೆದೆ. ನಂಬರು ನೋಡಿ ಜೋಡಿಸಿದೆ. ಕೊನೆಯ ಹಾಳೆ ಸಿಕ್ಕಿತು. ಐದೂ ಜನ ಸತ್ತಿರಲಿಲ್ಲ, ವಾರಗಿತ್ತಿ ಓದಿಯೂ ಸುಳ್ಳು ಹೇಳಿದ್ದಳು. ಸದ್ದು ನಿಲ್ಲಿಸುವ ಹೆಂಗಸು ಹಡಗಿನ ಬಾಗಿಲು ಒಳಗಿನಿಂದ ಹಾಕಿಕೊಂಡು ಶತ್ರುಗಳ ಜೊತೆ ಅಲ್ಲೇ ಉಳಿದಳು. ಹಡಗು ನಕ್ಷತ್ರದ ಕಡೆ ಹೊರಟುಹೋಯಿತು. ನಾಲ್ಕು ಜನ ಗಂಡಸರು ಭೂಮಿಗೆ ಬಂದರು, ಅವರಿಗೆ ಹಾರ ಹಾಕಿದರು. ಅವಳಿಗೆ ಚೌಕದಲ್ಲಿ ಒಂದು ಕಲ್ಲಿನ ಬೊಂಬೆ. ನನಗೆ ಸಮಾಧಾನ ಆಗಲಿಲ್ಲ. ಬೆಟ್ಟ ಎತ್ತುವವನಿಗೆ ಒಂದು ಬಾಗಿಲು ಹಾಕಲು ಬರುತ್ತಿರಲಿಲ್ಲವಾ? ಆದರೆ ಸಮಾಧಾನ ಆಗಲಿಲ್ಲ ಅಂತ ನಾನೇ ಓದಿ ತಿಳಿದೆ. ಇನ್ನೊಬ್ಬರ ಬಾಯಿಂದ ಅಲ್ಲ.

ಗೋಣಿ ಹೊಲಿಯುವ ದಬ್ಬಳದಲ್ಲಿ ಪುಸ್ತಕ ಹೊಲಿದು ಲೈಬ್ರರಿಗೆ ಒಯ್ದು ಮೇಜಿನ ಮೇಲಿಟ್ಟೆ. ಲೈಬ್ರರಿಯವಳು ಸೆರಗು ಮೂಗಿಗೆ ಹಿಡಿದಳು.

"ಏನಜ್ಜಿ ಇದು ವಾಸನೆ?"

"ಹುಳದ್ದು. ಇದೇ ಪುಸ್ತಕ ಬರ್ಬೇಕು ಅಂದಿದ್ಯಲ್ಲ. ಇದೇ ಅದು. ಎಣಿಸ್ಕೊ, ಒಂದು ಹಾಳೆ ಕಮ್ಮಿ ಇಲ್ಲ."

ಪೆನ್ನಿನ ತುದಿಯಲ್ಲಿ ತಿರುವಿ ನೋಡಿದಳು.

"ಮನೆಗೆ ಕೊಡಲ್ಲ," ಅಂದಳು. "ಇಲ್ಲೇ ಕೂತ್ಕೊಂಡು ಓದಂಗಿದ್ರೆ ಓದಿ. ಬಾಯಲ್ಲಿ ಎಲೆ ಅಡಿಕೆ ಇರ್ಬಾರ್ದು."

"ಬಾಗಿಲು ಎಷ್ಟೊತ್ತಿಗೆ ತೆಗೀತೀಯ?"

"ಹತ್ತಕ್ಕೆ."

ಮಾರನೇ ದಿನ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿದೆ. ಮುಂದಿನ ಬೆಳೆ ನನ್ನದು, ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ನೀರು ಹೊಡೆದು, ಅವಳು ಹೊಡೆದಿದ್ದ ಗೋಣಿಚೀಲ ಕಿತ್ತು ಅವಳ ಬಾಗಿಲ ಮುಂದೆ ಹಾಕಿದೆ. ಬಾಯಿ ಮುಕ್ಕಳಿಸಿಕೊಂಡು ಹೋಗಿ, ಹತ್ತಕ್ಕೆ ಇನ್ನೂ ಹೊತ್ತಿರುವಾಗಲೇ ಲೈಬ್ರರಿ ಮೆಟ್ಟಿಲ ಮೇಲೆ ಕೂತೆ.