ಚೌಕಾಬಾರದ ಮೆಟ್ಟಿಲು

ಕಲ್ಲಿನ ಗುಣ ಶೇಖಮ್ಮನಿಗೆ ಮೊದಲು ಗೊತ್ತಾಗುತ್ತಿದ್ದುದು ಅಂಗೈಯಲ್ಲಿ. ಗಂಡ ಉರುಕುಂದಪ್ಪ ಸುತ್ತಿಗೆ ಎತ್ತಿ ಹೊಡೆಯುವವನು, ಅವಳು ಉಳಿ ಹಿಡಿದು ಪ್ರತಿ ಪೆಟ್ಟಿಗೂ ತಿರುಗಿಸಿಕೊಡುವವಳು. ಹಾಗೆ ತೂತು ಕೊರೆದು, ಕರಿಮದ್ದಿನ ಬಾರು ತುಂಬಿ ಬಂಡೆ ಹಾರಿಸುವುದೇ ಅವರ ಜೀವನ. ಮಾನ್ವಿಯಿಂದ ದೇವದುರ್ಗದವರೆಗೆ ಎಷ್ಟೋ ಬಾವಿಗಳಿಗೆ ನೀರು ತೋರಿಸಿದವರು ಅವರೇ. "ಉರುಕುಂದಪ್ಪನ ಬಾರು ಹುಸಿ ಹೋಗಂಗಿಲ್ಲ" ಎಂದು ಗುತ್ತೇದಾರರು ಮನೆ ಬಾಗಿಲಿಗೇ ಬಂದು ಕರೆಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಮೀಸೆ ಒಂದು ಸುತ್ತು ಹೆಚ್ಚೇ ತಿರುಗುತ್ತಿತ್ತು. ಇರಲಿ, ಬೆವರು ಸುರಿಸಿ ಗಳಿಸಿದ ಹೆಸರು.

ಅದು ಎಂಬತ್ತಮೂರರ ಬೇಸಿಗೆ. ದೇವದುರ್ಗದ ಹೊಸ ಬಡಾವಣೆಗೆ ನೀರು ಬೇಕಿತ್ತು. ಗೂಗಲ್ ಎಂಬ ಹಳ್ಳಿಯ ಸಮೀಪ ಕೃಷ್ಣೆಯ ಅಂಚಿನಲ್ಲಿ ನೀರೆತ್ತುವ ಬಾವಿ, ಅದರ ಪಕ್ಕದಲ್ಲೇ ರಸ್ತೆ ಎಂದು ನಿಗದಿಯಾಯಿತು. ಗುತ್ತೇದಾರ ಶರಣಯ್ಯ ಹೊಳೆಯ ಅಂಚಿನ ಸ್ವಲ್ಪ ಜಾಗದ ಸುತ್ತ ಮಣ್ಣಿನ ಒಡ್ಡು ಹಾಕಿಸಿ, ಒಳಗಿನ ನೀರು ತೆಗೆಸಿ, ಗಂಡ ಹೆಂಡತಿಯನ್ನು ಕೆಸರಿಗಿಳಿಸಿದ.

ಕೊರೆಯುವಾಗಲೇ ಅವಳ ಅಂಗೈ ತಕರಾರು ತೆಗೆದಿತ್ತು. ಹೊಳೆಯ ಬಂಡೆ ಇಷ್ಟು ಸಮನಾಗಿರುವುದಿಲ್ಲ. ಉರುಕುಂದಪ್ಪ ತೂತುಗಳಿಗೆ ಮದ್ದು ತುಂಬಿ ಮುಗಿಸುವ ಹೊತ್ತಿಗೆ ಅವಳು ಪಕ್ಕದ ಕೆಸರನ್ನು ಕೈಯಿಂದ ಬಳಿದು ನೋಡಿದಳು. ನೇರವಾದ ಅಂಚು, ಅದರ ಕೆಳಗೆ ಇನ್ನೊಂದು. ಮೆಟ್ಟಿಲುಗಳು! ಮೇಲಿನ ಮೆಟ್ಟಿಲಿನ ಮೈಮೇಲೆ ಅಡ್ಡಗೆರೆ, ಉದ್ದಗೆರೆ, ನಡುಮನೆಯಲ್ಲಿ ಕತ್ತರಿ ಗುರುತು. ಅವಳಿಗೆ ಓದು ಬರಹ ಬಾರದು, ಆದರೆ ಚೌಕಾಬಾರದ ಮನೆ ಗುರುತಿಸಲು ಶಾಲೆಗೆ ಹೋಗಬೇಕೇ?

ಯಾವ ಕಾಲದಲ್ಲೋ ಇಲ್ಲಿ ಹೆಂಗಸರು ಬಟ್ಟೆ ಒಣಹಾಕಿ ಕೂತು, ಕವಡೆ ಚೆಲ್ಲಿ, ಮೋಸ ಮಾಡಿ, ಜಗಳವಾಡಿದ್ದಾರೆ. ಅವರು ಆಡಿ ಎದ್ದ ಜಾಗವನ್ನು ಹೊಳೆ ಇಷ್ಟು ದಿನ ಜೋಪಾನ ಮಾಡಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದೆಲ್ಲ ಚೂರು ಚೂರು.

"ಸಾವ್ಕಾರ್ರ, ಇದು ಹೊಳಿ ಕಲ್ಲಲ್ರೀ, ಹಳೇ ಮೆಟ್ಲು. ಬಂದು ನೋಡ್ರಿ" ಎಂದು ಶರಣಯ್ಯನಿಗೆ ಕೂಗಿ ಹೇಳಿದಳು.

"ಕಲ್ಲು ಅಂದ್ರ ಕಲ್ಲ ಬೇ! ಇಂಜಿನಿಯರ್ ಸಾಹೇಬ್ರ ಜೀಪು ಬರಾಕತ್ತದ. ಅವ್ರು ಮೆಟ್ಲು ನೋಡಿದ್ರ ಕೆಲಸ ನಿಂತು ಹೋಗ್ತದ. ಉರುಕುಂದಪ್ಪಾ, ಹಚ್ಚು!"

ಅವಳು ಗಂಡನ ಕಡೆ ತಿರುಗಿದಳು. "ಏನ್ರೀ, ಜೀಪು ಬರೋತನಕ ತಡೀರಿ."

"ತುಂಬಿದ ಮದ್ದು ಹೊರಗ ತೆಗಿಯಾಕ ಬರ್ತದೇನು ಶೇಖಿ? ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಹಾಗೆ ಕೆದಕಲು ಹೋಗಿ ಕೈ ಕಳೆದುಕೊಂಡವರನ್ನು ಅವಳು ಕಂಡಿದ್ದಳು. ಉರುಕುಂದಪ್ಪ "ಬಾರೂ! ಬಾರೂ!" ಎಂದು ಎಚ್ಚರಿಕೆ ಕೂಗಿದ. ಆಳುಗಳೆಲ್ಲ ದಿಕ್ಕಾಪಾಲಾಗಿ ಓಡಿದರು. ತಾನೇ ಹೊಸೆದ ನೂಲಿನ ಬತ್ತಿಗೆ ಕಿಡಿ ತಾಗಿಸಿ ಅವನೂ ದಂಡೆ ಹತ್ತಿ ಬಂಡೆಯ ಮರೆಗೆ ಸೇರಿದ. ತಿರುಗಿ ನೋಡಿದರೆ ಹೆಂಡತಿ ಒಡ್ಡಿನ ಮೇಲೆ ಸಲಿಕೆ ಹಿಡಿದು ನಿಂತಿದ್ದಾಳೆ.

"ಶೇಖೀ, ಸಾಯ್ತೀ! ಈ ಕಡಿ ಬಾ!"

ಅವಳು ಮಣ್ಣಿಗೆ ಸಲಿಕೆ ಹಾಕಿದಳು. ಹಸಿ ಮಣ್ಣು ಅಂಟಿಕೊಂಡಿತು, ಬಿಡಲಿಲ್ಲ. ಬತ್ತಿಯ ಹೊಗೆ ತೂತಿನ ಕಡೆಗೆ ಓಡುತ್ತಿತ್ತು. ಮತ್ತೆ ಹಾಕಿದಳು, ಮತ್ತೆ. ಕೊನೆಗೆ ಒಡ್ಡು ಬಾಯಿ ಬಿಟ್ಟಿತು, ಹೊಳೆ ಬತ್ತಿಯ ಮೇಲೆ ನುಗ್ಗಿತು. ಅವಳು ಒಡ್ಡಿನ ಹೊರಬದಿಗೆ ಬೋರಲು ಬಿದ್ದು ಕಣ್ಣು ಮುಚ್ಚಿಕೊಂಡಳು. ಈಗ ಹಾರುತ್ತದೆ, ಈಗ ಹಾರುತ್ತದೆ ಎಂದು ಕಾದಳು. ನೀರಿನ ಸಪ್ಪಳ ಬಿಟ್ಟು ಬೇರೇನೂ ಕೇಳಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ರಾಯಚೂರಿನ ಇಂಜಿನಿಯರ್ ಪ್ರಾಣೇಶ ಇಳಿದವನೇ, "ಒಡ್ಡು ಒಡದವ್ರು ಯಾರು?" ಎಂದು ಗದರಿದ.

"ಇಕಿನ ರೀ! ಸರ್ಕಾರಿ ಕೆಲಸ ಕೆಡಿಸ್ಯಾಳ. ಪೊಲೀಸರಿಗೆ ಕೊಡ್ರಿ" ಎಂದ ಶರಣಯ್ಯ.

ಉರುಕುಂದಪ್ಪ ಕೆಸರು ಮೆತ್ತಿದ ಹೆಂಡತಿಯನ್ನೊಮ್ಮೆ ನೋಡಿದ. ಆಮೇಲೆ ಅವಳ ಮುಂದೆ ಬಂದು ನಿಂತ. "ಇಲ್ರೀ ಸಾಹೇಬ್ರ. ನನ್ನ ಬಾರು ಹುಸಿ ಹೋಯ್ತು. ಹುಸಿ ಹೋದ ಮದ್ದು ಯಾವಾಗರ ಹಾರ್ತದ, ಮಂದಿ ಸಾಯ್ತಾರ ಅಂತ ನಾನ ನೀರು ಬಿಡಿಸೀನಿ."

ಹುಸಿ ಹೋಯ್ತು ಎಂಬ ಮಾತು ಅವನ ಬಾಯಿಂದಲೇ ಬಿದ್ದಿತ್ತು. ಆಳುಗಳು ಕಿವಿಗೆ ಬಾಯಿ ಇಟ್ಟು ಪಿಸುಗುಟ್ಟಿದರು.

ಶೇಖಮ್ಮ ಅಳುತ್ತಲೇ ಮೆಟ್ಟಿಲಿನ ವಿಷಯ ಹೇಳಿದಳು. ಮರುದಿನ ಮದ್ದು ನೆಂದು ಸತ್ತ ಮೇಲೆ ಪ್ರಾಣೇಶ ಬೂಟು ಬಿಚ್ಚಿ ನೀರಿಗಿಳಿದು ತಡಕಿ ನೋಡಿದ. "ನೀರಾಗ ಇದ್ರ ಉಳಿತಾವ. ಹೊರಗ ತೆಗದ್ರ ಮಂದಿ ಮನಿ ಪಾಯಕ್ಕ ಹೊತ್ಕೊಂಡು ಹೋಗ್ತಾರ" ಎಂದ. ಮೇಲಿನವರೊಡನೆ ಜಗಳ ಮಾಡಿ ಬಾವಿಯನ್ನೂ ರಸ್ತೆಯನ್ನೂ ಹೊಳೆಯ ಮೇಲ್ಗಡೆಗೆ ಸರಿಸಿದ. ಆ ದಂಡೆಯಲ್ಲಿ ಯಾರೂ ಕಟ್ಟಬಾರದು, ಕಲ್ಲು ಮರಳು ತೆಗೆಯಬಾರದು ಎಂದು ಊರಿನ ನಕ್ಷೆಯಲ್ಲೇ ಸೇರಿಸಿದ.

ಶರಣಯ್ಯ ಸುಮ್ಮನಿರುವ ಪೈಕಿಯೇ? ಆ ಮಾತನ್ನೇ ಹಿಡಿದು ಸಿರವಾರದ ಸಂತೆಯಲ್ಲೂ "ಹುಸಿ ಉರುಕುಂದಪ್ಪ" ಎಂಬ ಹೆಸರು ಹಬ್ಬಿಸಿದ. ಬಾವಿ ಕೆಲಸಕ್ಕೆ ಕರೆಯುವವರೇ ಇಲ್ಲವಾದರು. ಇಬ್ಬರೂ ಭತ್ತದ ಗದ್ದೆಗಳಿಗೆ ಕೂಲಿ ಹೋಗತೊಡಗಿದರು.

ಒಂದು ದಿನ ಊಟಕ್ಕೆ ಕೂತಾಗ ಶೇಖಮ್ಮ ತಡೆಯಲಾರದೆ ಕೇಳಿದಳು. "ನಿಜ ಹೇಳಿಬಿಡ್ರಿ. ನಿಮ್ಮ ಹೆಸರರ ಉಳೀಲಿ."

"ನಿನ್ನ ಜೇಲಿಗೆ ಕಳಿಸಿ ಆ ಹೆಸರು ತಗೊಂಡು ನಾ ಏನು ಮಾಡ್ಲಿ?" ಎಂದ ಅವನು, ತಲೆ ಎತ್ತದೆ.

ಮದುವೆಯಾದಂದಿನಿಂದ ಅವನ ಮೇಲೆ ಅವಳಿಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. ಅದನ್ನು ಹೇಗೆ ಹೇಳಬೇಕೋ ತಿಳಿಯದೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.