ಕೊಸರಿಗೆ ಹೋದ ಪಾಠ

ಒಂಬತ್ತರಲ್ಲಿ ಮುಗಿಯುವ ಬೆಲೆಯನ್ನು ನಾನು ನಂಬುವುದಿಲ್ಲ. ಐನೂರು ಎನ್ನಲು ಧೈರ್ಯವಿಲ್ಲದವನು ನಾನೂರ ತೊಂಬತ್ತೊಂಬತ್ತು ಎನ್ನುತ್ತಾನೆ ಎಂಬುದು ನನ್ನ ಅಭಿಪ್ರಾಯ. ಮೇಲೊಂದು ದೊಡ್ಡ ಬೆಲೆ ಬರೆದು, ಅದಕ್ಕೆ ಗೀಟು ಎಳೆದು, ಕೆಳಗೆ ಸಣ್ಣ ಬೆಲೆ ಬರೆಯುವವರನ್ನು ಕಂಡರೂ ಅನುಮಾನವೇ. ಆ ದೊಡ್ಡ ಬೆಲೆ ಕೊಟ್ಟು ಕೊಂಡ ಪುಣ್ಯಾತ್ಮ ಯಾರಾದರೂ ಇದ್ದಾನೆಯೇ? ನನಗನಿಸುವುದು, ಆ ಬೆಲೆ ಹುಟ್ಟುವಾಗಲೇ ಗೀಟು ಹೊತ್ತುಕೊಂಡು ಹುಟ್ಟಿದ್ದು.

ಹೀಗೆ ಅನುಮಾನಿಸುವ ನಾನು ಸಂತನೇನಲ್ಲ. ಉರ್ವ ಮಾರುಕಟ್ಟೆಯ ಹತ್ತಿರ ಟೈಲರಿಂಗ್ ಸಾಮಾನಿನ ಅಂಗಡಿ ಇಟ್ಟುಕೊಂಡವನು. ಲೈನಿಂಗ್ ಬಟ್ಟೆ, ಸೀರೆಯ ಫಾಲ್ಸ್, ನೂಲು, ಹುಕ್ಕು, ಲೇಸು. ಏಳನೆಯ ತರಗತಿಯ ನಂತರ ಶಾಲೆಗೂ ನನಗೂ ಋಣ ಹರಿಯಿತು. ಆಮೇಲೆ ಕಲಿತದ್ದೆಲ್ಲ ಗಿರಾಕಿಗಳ ಮುಖ ನೋಡಿ. ನಮ್ಮ ಮಾರುಕಟ್ಟೆಯಲ್ಲಿ ಬೆಲೆ ಎಂದರೆ ಒಂದು ಮಾತುಕತೆ. ಮೀನಿನ ಹೆಂಗಸು ಬಂಗುಡೆಗೆ ಒಂದು ಬೆಲೆ ಹೇಳುತ್ತಾಳೆ, ಕೊಳ್ಳುವವಳು ಅದರ ಅರ್ಧ ಹೇಳಿ ಮುಂದೆ ನಡೆಯುತ್ತಾಳೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕರೆ ಬರುತ್ತದೆ. ಕೊನೆಗೆ ಬುಟ್ಟಿಯಿಂದ ಒಂದು ಬಂಗುಡೆ ಹೆಚ್ಚಿಗೆ ಹಾರಿ ಚೀಲಕ್ಕೆ ಬೀಳುತ್ತದೆ. ಅದು ಕೊಸರು. ಕೊಸರಿಲ್ಲದ ವ್ಯಾಪಾರ ಪಾಯಸವಿಲ್ಲದ ಮದುವೆಯೂಟದಂತೆ: ಹೊಟ್ಟೆ ತುಂಬುತ್ತದೆ, ಮನಸ್ಸು ತುಂಬುವುದಿಲ್ಲ. ಲೈನಿಂಗ್ ಕೊಂಡವರಿಗೆ ನಾನೂ ಒಂದು ಪ್ಯಾಕೆಟ್ ಹುಕ್ಕು ಹಾಕುತ್ತೇನೆ.

ಇನ್ನು ನನ್ನ ತಂಗಿ ಹರಿಣಾಕ್ಷಿಯ ವಿಷಯ. ಅವಳು ಕೊಡಿಯಾಲ್‌ಬೈಲಿನ ಒಂದು ಬೊಟಿಕ್‌ನಲ್ಲಿ ವರ್ಷಗಟ್ಟಲೆ ರವಿಕೆ ಕತ್ತರಿಸಿದವಳು. ತಲೆ ಬಗ್ಗಿಸಿ ಬಗ್ಗಿಸಿ ಕುತ್ತಿಗೆ ಹಿಡಿದುಕೊಂಡಿತು. ಹಾಗಾಗಿ ಕೆಲಸ ಬಿಟ್ಟು, ರವಿಕೆ ಕತ್ತರಿಸುವುದನ್ನು ಕಲಿಸುವ ವಿಡಿಯೋ ಪಾಠಗಳನ್ನು, ಜೊತೆಗೆ ಅಳತೆಯ ನಕ್ಷೆಗಳನ್ನು ತಾನೇ ತಯಾರಿಸಿ ಆನ್‌ಲೈನಿನಲ್ಲಿ ಮಾರಲು ಹೊರಟಳು. ಮಳೆಗಾಲ ಮುಗಿಯುವುದರೊಳಗೆ ಇದು ಸಂಸಾರಕ್ಕೆ ಆಗುವಷ್ಟು ನಡೆಯದಿದ್ದರೆ ಮತ್ತೆ ಬೊಟಿಕ್‌ಗೇ ಎಂದು ತನಗೆ ತಾನೇ ಗಡುವು ಹಾಕಿಕೊಂಡಿದ್ದಳು.

ಮೊದಲ ತಲೆನೋವು ಬೆಲೆಯದ್ದು. ಬಟ್ಟೆಗೆ ಮೀಟರ್ ಇದೆ, ಬಂಗುಡೆಗೆ ತಕ್ಕಡಿ ಇದೆ. ಪಾಠವನ್ನು ಯಾವುದರಲ್ಲಿ ಅಳೆಯುವುದು? ಅವಳು ಎಲ್ಲೆಲ್ಲಿಯೋ ಓದಿಕೊಂಡು ಬಂದಳು.

"ಅಣ್ಣ, ಮೂರು ಬೆಲೆ ಇಡ್ಬೇಕಂತೆ. ಒಂದು ಸಣ್ಣದು, ಒಂದು ನಡುವಿನದ್ದು, ಒಂದು ದೊಡ್ಡದು. ಜನ ನಡುವಿನದ್ದು ತಗೊಳ್ತಾರಂತೆ."

"ಮತ್ತೆ ಉಳಿದ ಎರಡು ಎಂತಕ್ಕೆ?"

"ನಡುವಿನದ್ದು ನಡುವೆ ಕಾಣ್ಲಿಕ್ಕೆ."

"ಇದು ಮೋಸ ಅಲ್ವಾ ಮಾರಾಯ್ತಿ?"

"ನೀನು ದುಬಾರಿ ಲೇಸು ಮೊದಲು ತೋರಿಸಿ, ಮತ್ತೆ ಸಾದಾ ಲೇಸು ತೆಗೆಯುದು ಎಂತಕ್ಕೆ? ವ್ಯಾಯಾಮಕ್ಕಾ?"

ನಾನು ನೂಲಿನ ಉಂಡೆ ಜೋಡಿಸತೊಡಗಿದೆ. ಆದರೂ ಅನುಮಾನ ಬಿಡಲಿಲ್ಲ. ಪಾಠ ಮಾರುವ ಅವಳ ಆನ್‌ಲೈನ್ ಪುಟದಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು; ಅದು ನಿಂತರೆ ರಿಯಾಯಿತಿ ಮುಗಿಯಿತು ಎಂದು ಅರ್ಥ. ನಾನು ಪುಟ ಮುಚ್ಚಿ ಪುನಃ ತೆರೆದೆ. ಗಡಿಯಾರ ಹೊಸದಾಗಿ ಶುರುವಾಗಿತ್ತು. "ಸತ್ತದ್ದು ಎದ್ದು ಬಂತಲ್ಲ ಹರಿಣಿ" ಎಂದೆ. ಅವಳ ಮುಖ ಕೆಂಪಾಯಿತು. ಅದೇ ದಿನ ಗಡಿಯಾರ ತೆಗೆದುಹಾಕಿದಳು. ಇಷ್ಟು ಪ್ರಾಮಾಣಿಕಳಾದವಳಿಗೆ ನಾನು ಮಾಡಿದ್ದೇನು ಕೇಳಿ.

ನೋಡಲಿ, ನಾಲ್ಕು ಜನರಿಗೆ ಹೇಳಲಿ ಎಂದು ಪಾಠಗಳನ್ನೆಲ್ಲ ಅವಳು ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಒಂದು ದಿನ ಹಳೆಯ ಗಿರಾಕಿ ಲವೀನಾಬಾಯಿ ಲೈನಿಂಗ್ ಕೊಳ್ಳಲು ಬಂದರು. ಚೌಕಾಸಿ ಮುಗಿಯಿತು, ಕೊಸರಿಗೆ ಕೈ ಚಾಚಿದರು. ಹುಕ್ಕಿನ ಪ್ಯಾಕೆಟ್ ಖಾಲಿಯಾಗಿತ್ತು. ಬರಿಗೈಯಲ್ಲಿ ಕಳಿಸುವುದು ಹೇಗೆ?

"ನಿಮ್ಮ ವಾಟ್ಸಪ್ಪಿಗೆ ಒಂದು ಸಾಮಾನು ಕಳಿಸ್ತೇನೆ ಬಾಯಿ. ಬ್ಲೌಸ್ ಕಟಿಂಗ್. ನನ್ನ ತಂಗಿ ಮಾಡಿದ್ದು."

ಕಳಿಸಿದ ಮೇಲೆ ಫೋನು ನೋಡಿದೆ. ಪಾಠ ಅಲ್ಲೇ ಇತ್ತು! ಹುಕ್ಕು ಕೊಟ್ಟರೆ ಡಬ್ಬಿಯಲ್ಲಿ ಒಂದು ಪ್ಯಾಕೆಟ್ ಕಡಿಮೆಯಾಗುತ್ತದೆ. ಇದು ಕೊಟ್ಟರೂ ಕೊಟ್ಟಷ್ಟು ಉಳಿಯುತ್ತದೆ. ಪುರಾಣದ ಅಕ್ಷಯಪಾತ್ರೆಗಾದರೂ ದಿನಕ್ಕೊಂದು ಹೊತ್ತಿನ ನಿಯಮವಿತ್ತು, ಇದಕ್ಕೆ ಅದೂ ಇಲ್ಲ. ಆಮೇಲೆ ನಾನು ಹುಕ್ಕು ತರಿಸುವುದನ್ನೇ ನಿಲ್ಲಿಸಿದೆ. ಲೈನಿಂಗ್ ಕೊಂಡ ಎಲ್ಲರಿಗೂ ತಂಗಿಯ ಪಾಠವೇ ಕೊಸರು. ಅವರು ಅದನ್ನು ತಮ್ಮವರಿಗೆ ಕಳಿಸಿದರು. ಪಣಂಬೂರಿನ ಯಾವುದೋ ಹೆಂಗಸರ ಗುಂಪಿಗೂ ಅದು ತಲುಪಿತೆಂದು ಕೇಳಿದೆ.

ಇತ್ತ ಹರಿಣಾಕ್ಷಿಯ ವ್ಯಾಪಾರ ಕುಂಟತೊಡಗಿತು. ಅವಳು ಬೆಲೆ ಇಳಿಸಿದಳು. ಮತ್ತೂ ಇಳಿಸಿದಳು. ಒಂದು ಸಂಜೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, "ಬೆಲೆ ಜಾಸ್ತಿ ಆಯ್ತಾ ಅಣ್ಣ?" ಎಂದು ಕೇಳಿದಳು. ನನಗೆ ಎಲ್ಲಿಯೋ ಚುಚ್ಚಿತು. ಆದರೆ ಬಾಯಿಯಿಂದ ಬಂದದ್ದು ಬೇರೆ: "ನಿನ್ನ ಹಳೇ ಬೊಟಿಕ್‌ನವರು ಏನಾದ್ರೂ ಅಪಪ್ರಚಾರ ಮಾಡ್ತಾ ಇದ್ದಾರೋ ಎಂತದೋ. ಇನ್ನೂ ಸ್ವಲ್ಪ ಇಳಿಸಿ ನೋಡು." ಊರನ್ನೆಲ್ಲ ಅನುಮಾನಿಸುವವನಿಗೆ ಇದೊಂದು ಅನುಕೂಲ: ತನ್ನ ಸರದಿ ಬರುವುದರೊಳಗೆ ದಿನ ಮುಗಿದಿರುತ್ತದೆ.

ಕೊನೆಗೊಂದು ದಿನ ಅವಳು ಬಂದು, ಬೊಟಿಕ್‌ನವರಿಗೆ ಫೋನು ಮಾಡಿದೆ, ಸೋಮವಾರದಿಂದ ಬಾ ಎಂದಿದ್ದಾರೆ ಎಂದಳು. ಹೇಳುವಾಗ ಕೈ ಕುತ್ತಿಗೆಯ ಹಿಂಭಾಗವನ್ನು ಒತ್ತುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಬೆಲೆಯದ್ದು ತಪ್ಪಲ್ಲ ಹರಿಣಿ. ನಾನು ಅದನ್ನು ಕೊಸರಿಗೆ ಕೊಟ್ಟೆ."

"ಎಂತದನ್ನು?"

"ನಿನ್ನ ಪಾಠ. ಲೈನಿಂಗ್ ತಗೊಂಡವರಿಗೆ."

"ಎಷ್ಟು ಜನಕ್ಕೆ?"

"ಲೆಕ್ಕ ಇಟ್ಟಿಲ್ಲ."

"ಹುಕ್ಕಿನದ್ದು ಇಡ್ತಿ ಅಲ್ವಾ."

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹೋಗುವಾಗ ಮೆಟ್ಟಿಲಲ್ಲಿ ನಿಂತು, "ಅವರಲ್ಲಿ ಒಬ್ಬರಾದ್ರೂ ಹೊಲಿದ್ರಾ?" ಎಂದಷ್ಟೇ ಕೇಳಿದಳು. ಮರುದಿನದಿಂದ ಬಂದವರನ್ನೆಲ್ಲ ವಿಚಾರಿಸಿದೆ. ಲವೀನಾಬಾಯಿ ನಕ್ಕರು: "ಅದಾ? ಫೋನಿನಲ್ಲಿ ಜಾಗ ಇರ್ಲಿಲ್ಲ, ಡಿಲೀಟ್ ಮಾಡಿದೆ. ಬೇಜಾರು ಮಾಡ್ಬೇಡಿ ಆಯ್ತಾ." ಉಳಿದವರು ಇಟ್ಟುಕೊಂಡಿದ್ದರು, ತೆರೆದಿರಲಿಲ್ಲ. ಪುಗಸಟ್ಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಗಾದೆ ಇದೆಯಲ್ಲ, ಅಪ್ಪನೂ ಅದನ್ನು ನೋಡುವುದಿಲ್ಲ ಎಂದು ಸೇರಿಸಬೇಕು. ಯಾರ ಉಪಕಾರಕ್ಕೂ ಬಾರದ ಹಾಗೆ ತಂಗಿಯ ಅನ್ನಕ್ಕೆ ಕಲ್ಲು ಹಾಕಿದ್ದೆ.

ಅವಳು ಈಗ ಅರ್ಧ ದಿನ ಬೊಟಿಕ್‌ಗೆ ಹೋಗುತ್ತಾಳೆ. ಉಳಿದರ್ಧ ದಿನ ಪಾಠ. ಬೆಲೆಯನ್ನು ಇಳಿಸುವುದಿರಲಿ, ಮೊದಲಿಗಿಂತ ಏರಿಸಿದ್ದಾಳೆ. ಕೊಂಡವರು ಹೊಲಿದದ್ದನ್ನು ವಾರಕ್ಕೊಮ್ಮೆ ನೋಡಿ ತಪ್ಪು ತಿದ್ದುತ್ತಾಳೆ. "ಅದನ್ನು ನಿನ್ನಿಂದ ಫಾರ್ವರ್ಡ್ ಮಾಡ್ಲಿಕ್ಕೆ ಆಗುದಿಲ್ಲ" ಎಂದಳು. ಫೋನಿನಲ್ಲಿದ್ದ ಅದೇ ಪಾಠವನ್ನು ನಾನೂ ಪೂರ್ತಿ ಬೆಲೆ ಕೊಟ್ಟು ಕೊಂಡೆ. ಅಣ್ಣನೆಂದು ಏನೂ ಬಿಡಲಿಲ್ಲ. ದುಡ್ಡು ಕೊಟ್ಟ ಮೇಲೆ ನೋಡದಿರಲಾಗುತ್ತದೆಯೇ? ಕುಳಿತು ನೋಡಿದೆ. ಎರಡನೆಯ ಪಾಠದಲ್ಲೇ ತಂಗಿ ನೇರವಾಗಿ ನನ್ನ ಮುಖ ನೋಡಿ ಹೇಳುತ್ತಿದ್ದಳು: "ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ. ಕುಗ್ಗುವುದಿಲ್ಲ ಅಂತ ಅಂಗಡಿಯವರು ಹೇಳ್ತಾರೆ. ನಂಬಬೇಡಿ. ನನ್ನ ಅಣ್ಣನೂ ಹಾಗೆಯೇ ಹೇಳುದು."

ನನ್ನನ್ನು ನಂಬಬೇಡಿ ಎಂಬ ಪಾಠವನ್ನು ನಾನೇ ಊರಿಗೆಲ್ಲ ಹಂಚಿದ್ದೆ. ಯಾರೂ ತೆರೆಯದ ಕಾರಣ ಅಂಗಡಿ ಉಳಿಯಿತು.

ಮೊನ್ನೆ ಒಬ್ಬಾಕೆ ಬಟ್ಟೆ ಹಿಡಿದು, "ಇದು ಕುಗ್ತದಾ?" ಎಂದರು. "ಕುಗ್ತದೆ ಅಕ್ಕ. ನೆನೆಸಿ" ಎಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು. ಎಲ್ಲಿ ಕಲಿತಿರಿ ಎಂದರು. ತಂಗಿಯ ಪಾಠ ತೋರಿಸಿ ಬೆಲೆ ಹೇಳಿದೆ.

"ಕಮ್ಮಿ ಮಾಡ್ಲಿಕ್ಕಿಲ್ವಾ?"

"ಇಲ್ಲ ಅಕ್ಕ. ಅದು ನನ್ನದಲ್ಲ, ತಂಗಿಯದ್ದು."

"ನಿಮ್ಮದಾಗಿದ್ರೆ ಕೊಡ್ತಿದ್ರಿ, ಗೊತ್ತುಂಟು. ತಂಗಿಗಿಂತ ನೀವೇ ಒಳ್ಳೆಯವರು ಮಾರಾಯ್ರೆ."

ಈ ಮಾತಿಗಾಗಿಯೇ ನಾನು ಅವಳ ದುಡಿಮೆಯನ್ನೆಲ್ಲ ಹಂಚಿ ಮುಗಿಸಿದ್ದೆ ಎಂದು ಆಗ ಹೊಳೆಯಿತು. ಒಳ್ಳೆಯವನೆನಿಸಿಕೊಳ್ಳಲು ನನಗೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ಎಷ್ಟು ಮೀಟರ್ ಬೇಕೆಂದು ಕೇಳಿ ಕತ್ತರಿ ಎತ್ತಿಕೊಂಡೆ.