ತಿರುನಾರಾಯಣನ ಪೆನ್ಸಿಲ್

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ ಫೋಟೊ ಸ್ಟುಡಿಯೊ ಇಟ್ಟಿದ್ದ ನಮ್ಮ ತಿರುನಾರಾಯಣನಿಗೆ ಕ್ಯಾಮೆರಾಕ್ಕಿಂತ ಪೆನ್ಸಿಲ್ ಮೇಲೆ ನಂಬಿಕೆ ಜಾಸ್ತಿ. ದೇವಸ್ಥಾನದ ಪೂಜೆ ಬಿಟ್ಟು ಈ ಕಸುಬಿಗೆ ಇಳಿದಾಗ ಅವರಪ್ಪ ಆರು ತಿಂಗಳು ಮಾತು ಬಿಟ್ಟಿದ್ದರು. ಅದಕ್ಕೇ ಏನೋ, ಸ್ಟುಡಿಯೊಗೆ ಬಂದವರನ್ನೆಲ್ಲ ದೇವರ ಹಾಗೆ ಮಾಡಿ ಕಳಿಸುವ ಹಟ ಅವನಿಗೆ. ನೆಗೆಟಿವನ್ನು ಗಾಜಿನ ಮೇಲಿಟ್ಟು, ಚೂಪಾದ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತ ಕೂತರೆ ಊಟದ ಪರಿವೆ ಇರುತ್ತಿರಲಿಲ್ಲ. ಮಚ್ಚೆ ಹೋಗುತ್ತಿತ್ತು, ಸುಕ್ಕು ಹೋಗುತ್ತಿತ್ತು, ತಾಲೂಕು ಕಚೇರಿಯ ಶಿರಸ್ತೇದಾರರಿಗೆ ಹತ್ತು ವರ್ಷ ಇಳಿಯುತ್ತಿತ್ತು. ನನ್ನ ಫೋಟೊ ನೋಡಿ ನಮ್ಮಮ್ಮನೇ “ಯಾರದಪ್ಪ ಇದು?” ಎಂದಿದ್ದಳು.

ಹೆಣ್ಣಿನ ಫೋಟೊ ಗಂಡಿನ ಮನೆಗೆ ಕಳಿಸುವ ಪದ್ಧತಿ ಆಗಷ್ಟೇ ಹಳ್ಳಿಗಳಿಗೂ ಬಂದಿತ್ತು. ಅರವತ್ತೆರಡನೇ ಇಸವಿಯಲ್ಲಿ ಹರದನಹಳ್ಳಿಯ ಗುಂಡಯ್ಯ ತನ್ನ ಮಗಳು ಪ್ರೇಮಕುಮಾರಿಯನ್ನು ಕರೆತಂದ. ಎಳವೆಯಲ್ಲಿ ಸಿಡುಬು ಎದ್ದು ಕೆನ್ನೆ ತುಂಬ ಕಲೆ. ಯಾರೂ ಕೇಳದಿದ್ದರೂ ತಿರುನಾರಾಯಣ ಎರಡು ದಿನ ಕೂತು ಒಂದೊಂದು ಕಲೆಯನ್ನೂ ಮುಚ್ಚಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ.

ಫೋಟೊ ಮೆಚ್ಚಿ ಚನ್ನರಾಯಪಟ್ಟಣದಿಂದ ಗಂಡಿನವರು ಬಂದರು. ಉಪ್ಪಿಟ್ಟಿನ ತಟ್ಟೆ ಅವರ ಕೈಯಲ್ಲಿರುವಾಗ ಹುಡುಗಿ ಹೊರಗೆ ಬಂದಳು. ಗಂಡಿನ ತಾಯಿ ಫೋಟೊ ನೋಡಿದಳು, ಮುಖ ನೋಡಿದಳು, ತಟ್ಟೆ ಕೆಳಗಿಟ್ಟಳು.

“ತಂಗೀನ ತೋರ್ಸಿ ಅಕ್ಕನ್ನ ಕಟ್ಟಾಕೆ ನೋಡ್ತಿದ್ದೀರೇನಪ್ಪಾ?”

ಪ್ರೇಮಕುಮಾರಿಗೆ ತಂಗಿಯೇ ಇರಲಿಲ್ಲ. ಹೇಳಿದರೆ ಕೇಳುವವರು ಯಾರು, ಎದ್ದು ಹೋದರು.

ಮರುದಿನ ಅಪ್ಪ ಮಗಳು ಸ್ಟುಡಿಯೊಗೆ ಬಂದರು. ಬೈಯಲೆಂದೇ ಬಂದಿದ್ದ ಗುಂಡಯ್ಯನಿಗೆ ಅಯ್ನೋರ ಮುಂದೆ ಬಾಯಿ ಬರಲಿಲ್ಲ. ಮಗಳಿಗೆ ಬಂತು.

“ನೀವು ತೆಗ್ದಿದ್ದು ನನ್ ಪೋಟೊ ಅಲ್ಲ ಸಾ. ಅವ್ರು ಬ್ಯಾಡ ಅಂದಿದ್ದು ಮಾತ್ರ ನನ್ನ. ಇನ್ನೊಂದು ತೆಗೀರಿ, ಪೆನ್ಸಿಲ್ ಮುಟ್ಬ್ಯಾಡಿ. ಅದ್ನ ನೋಡಿ ಒಪ್ಕಂಡೋನು ಬರ್ಲಿ. ಇಲ್ದಿದ್ರೆ ಇನ್ಯಾರ ಮುಂದೂ ನಾನು ಕೂರಾಕಿಲ್ಲ.”

“ಅಂಥ ಫೋಟೊ ಹೊರಗೆ ಹೋದ್ರೆ ನನ್ನ ಹೆಸರೇನಾಗುತ್ತಮ್ಮ?”

“ಈ ಮಕ ಇಟ್ಕಂಡು ನಾನೇ ಹೊರಗೆ ಓಡಾಡ್ತೀನಿ. ನಿಮ್ ಹೆಸರಿಗೇನಾಯ್ತದೆ?”

ತಿರುನಾರಾಯಣನಿಗೆ ನಿಜವಾಗಿ ನಾಚಿಕೆಯಾಯಿತು. ಇನ್ನೊಂದು ಫೋಟೊ ತೆಗೆದ. ಆದರೆ ನೆಗೆಟಿವ್ ಒಣಗುತ್ತಿದ್ದಂತೆ ಕೈ ಕಡಿಯತೊಡಗಿತು. ಪೆನ್ಸಿಲ್ಲನ್ನು ಸ್ಟುಡಿಯೊ ಹಿಂದಿನ ಮನೆಯಲ್ಲಿದ್ದ ಹೆಂಡತಿ ವೇದವತಿಗೆ ಕೊಟ್ಟು ಬಚ್ಚಿಡಲು ಹೇಳಿದ. ಅವಳು ಸಾಸಿವೆ ಡಬ್ಬಿಯಲ್ಲಿಟ್ಟಳು. ನೀರು ಕುಡಿಯುವ ನೆಪದಲ್ಲಿ ಅವನು ನಾಲ್ಕು ಸಲ ಅಡುಗೆಮನೆಗೆ ಹೋಗಿ ಬಂದ, ಪೆನ್ಸಿಲ್ ಮಾತ್ರ ಕೇಳಲಿಲ್ಲ.

ತಿದ್ದದ ಫೋಟೊ ಗುಂಡಯ್ಯನ ಕೈ ಸೇರಿ ಎರಡು ತಿಂಗಳಾದರೂ ಸುದ್ದಿಯಿಲ್ಲ. ಹುಡುಗಿಯ ಬಾಳು ತನ್ನಿಂದಲೇ ಹಾಳಾಯಿತೆಂದು ತಿರುನಾರಾಯಣ ಕೊರಗಿ ಅರ್ಧ ಇಳಿದುಹೋದ. ಕೊನೆಗೆ ಒಂದು ಬೆಳಿಗ್ಗೆ ಗುಂಡಯ್ಯ ಚೀಲದ ತುಂಬ ತೆಂಗಿನಕಾಯಿ ತಂದಿಟ್ಟ. ಮೊಸಳೆ ಎಂಬ ಹಳ್ಳಿಯ ಸ್ಕೂಲ್ ಮೇಷ್ಟ್ರು ಬೈರಯ್ಯ ಫೋಟೊ ನೋಡಿ ಬಂದು, ಹುಡುಗಿಯನ್ನು ನೋಡಿ ಒಪ್ಪಿಕೊಂಡಿದ್ದ.

“ಏನಂದ ಹುಡುಗ?”

ಗುಂಡಯ್ಯ ತಲೆ ಕೆರೆದುಕೊಂಡ. “ಬೇಜಾರ್ ಮಾಡ್ಕಬ್ಯಾಡಿ ಅಯ್ನೋರೆ. ಪೋಟೊಗಿಂತ ಉಡ್ಗೀನೇ ಚೆಂದಾಗವ್ಳೆ ಅಂದ್ಬುಟ್ಟ.”

ಹದಿನಾಲ್ಕು ವರ್ಷದ ಕಸುಬಿನಲ್ಲಿ ತಿರುನಾರಾಯಣ ಅಂಥ ಮಾತು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಚೀಲ ಎತ್ತಿಕೊಂಡು ಒಳಗೆ ಹೋದ.

“ನನ್ನ ಫೋಟೊ ಚೆನ್ನಾಗಿಲ್ವಂತೆ ಕಣೆ,” ಎಂದ ನಗುತ್ತ.

“ಹಾಗಾದ್ರೆ ಪೆನ್ಸಿಲ್ ಅಲ್ಲೇ ಇರ್ಲಾ?”

ತಿರುನಾರಾಯಣ ಕಣ್ಣೊರೆಸಿಕೊಂಡು ಕೈ ಚಾಚಿದ.

“ಕೊಡು. ನಾಳೆ ಶಿರಸ್ತೇದಾರರು ಬರ್ತಾರೆ.”